ಮನಸ್ಸು ಗಟ್ಟಿ ಮಾಡಿ ಎನ್ನುವವರಿಗೆ

"ಮನಸ್ಸು ಮಾಡಿದರೆ ಬಿಡೋದೇನು ಮಹಾ!" ಈ ಮಾತನ್ನು ನಾನು 1991ರಲ್ಲಿ ಮದುವೆಯಾಗಿ ತಿಪಟೂರಿಗೆ ಬಂದಾಗಿನಿಂದ ಕೇಳುತ್ತಲೇ ಇದ್ದೇನೆ. ಮದುವೆಮನೆಯ ಪಂಕ್ತಿಯಲ್ಲಿ ಕೇಳಿದ್ದೇನೆ, ತಿಥಿಮನೆಯ ಜಗುಲಿಯ ಮೇಲೆ ಕೇಳಿದ್ದೇನೆ, ಕುತ್ತಿಗೆಗೆ ಸ್ಟೆತಾಸ್ಕೋಪು ಹಾಕಿಕೊಂಡವರ ಬಾಯಲ್ಲೂ ಕೇಳಿದ್ದೇನೆ. ಬೀಡಿ, ಸಿಗರೇಟು, ಹೊಗೆಸೊಪ್ಪು, ನಶ್ಯ, ಯಾವುದರ ಪ್ರಸ್ತಾಪ ಬಂದರೂ ಕೊನೆಗೆ ಬಂದು ನಿಲ್ಲುವುದು ಇಲ್ಲಿಗೇ. ಮನಸ್ಸು ಗಟ್ಟಿ ಇರಬೇಕು. ಆಡುವವರಿಗೆ ಕಾಸಿನ ಖರ್ಚಿಲ್ಲದ ಮಾತು. ಕೇಳಿಸಿಕೊಳ್ಳುವವನು ತಲೆ ತಗ್ಗಿಸುತ್ತಾನೆ, ಎದ್ದು ಹೊರಗೆ ಹೋಗುತ್ತಾನೆ, ಆ ಅವಮಾನ ನುಂಗಿಕೊಳ್ಳಲು ಇನ್ನೊಂದು ಹಚ್ಚುತ್ತಾನೆ. ಬೆಳಿಗ್ಗೆ ಕಾಫಿ ಅರ್ಧ ಗಂಟೆ ತಡವಾದರೆ ತಲೆಗೆ ಬಟ್ಟೆ ಕಟ್ಟಿಕೊಂಡು ಮಲಗುವವರೇ ಈ ಉಪದೇಶದಲ್ಲಿ ಮುಂದು ಎಂಬುದನ್ನೂ ಗಮನಿಸಿದ್ದೇನೆ. ನನ್ನ ತಕರಾರು ಈ ಮಾತಿನ ಮೇಲೆ. ಇದನ್ನು ಬುದ್ಧಿವಾದ ಎಂದು ನಾನು ಒಪ್ಪುವುದಿಲ್ಲ. ಜವಾಬ್ದಾರಿಯಿಂದ ನುಣುಚಿಕೊಳ್ಳಲು ಇದಕ್ಕಿಂತ ಸುಲಭದ ದಾರಿ ಬೇರೆ ಇಲ್ಲ.

ನಮ್ಮದು ತೆಂಗಿನ ಸೀಮೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಈ ಮೂರು ತಾಲ್ಲೂಕಿನಲ್ಲಿ ಯಾವ ಕಡೆಯಿಂದ ಬಸ್ಸಿನಲ್ಲಿ ಬಂದರೂ ಕಣ್ಣಿಗೆ ಕಾಣುವುದು ಗರಿ, ಮಟ್ಟೆ, ಕಾಯಿಯ ರಾಶಿ. ನಮ್ಮ ಉಂಡೆ ಕೊಬ್ಬರಿ ಉತ್ತರದ ಕಡೆಯ ಊರುಗಳಿಗೆಲ್ಲ ಹೋಗುತ್ತದೆ. ಇಲ್ಲಿ ಕೊಬ್ಬರಿಯನ್ನು ಯಾರೂ ಅವಸರದಲ್ಲಿ ಮಾಡುವುದಿಲ್ಲ. ಬಲಿತ ಕಾಯಿಯನ್ನು ಅಟ್ಟಕ್ಕೆ ಹಾಕಿದರೆ ಹತ್ತು ಹನ್ನೆರಡು ತಿಂಗಳು ಅದು ತನ್ನ ಪಾಡಿಗೆ ತಾನು ನೀರು ಹಿಂಗಿಸಿಕೊಂಡು, ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಒಳಗೆ ಸದ್ದು ಮಾಡುವ ತನಕ ಕಾಯಬೇಕು. ನಡುವೆ ಯಾರೂ ಅಟ್ಟ ಹತ್ತಿ ಕಾಯಿಗೆ ಮನಸ್ಸು ಗಟ್ಟಿ ಮಾಡಿಕೋ ಎಂದು ಹೇಳಿ ಬರುವುದಿಲ್ಲ. ಆದರೆ ಇದೇ ಊರಿನ ಜನ ಮೂವತ್ತು ವರ್ಷದ ಚಟ ಮೂರು ದಿನದಲ್ಲಿ ಹೋಗಬೇಕು ಎನ್ನುತ್ತಾರೆ. ನಾಲ್ಕನೆಯ ದಿನ ಬಾಯಲ್ಲಿ ಬೀಡಿ ಕಂಡರೆ "ಇವನ ಹಣೆಬರಹ ಇಷ್ಟೇ" ಎಂದು ಷರಾ ಬರೆದುಬಿಡುತ್ತಾರೆ.

ನಮ್ಮನೆಯವರು ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸದವರು. 1985ರಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ ಶುರುವಾದದ್ದು 2019ರವರೆಗೆ ನಡೆಯಿತು. ಮೂವತ್ತನಾಲ್ಕು ವರ್ಷ. ದಿನಕ್ಕೆ ಸರಾಸರಿ ಹದಿನೈದು ಎಂದಿಟ್ಟುಕೊಳ್ಳಿ. ಲೆಕ್ಕದವರ ಹೆಂಡತಿಯಾದ ನಾನು ಒಂದು ಮಧ್ಯಾಹ್ನ ಕೂತು ಗುಣಿಸಿ ನೋಡಿದೆ: 1,86,150 ಸಿಗರೇಟು. ಒಂದಕ್ಕೆ ಹತ್ತು ಸಲ ಎಳೆದರೂ ಹದಿನೆಂಟು ಲಕ್ಷ ಸಲಕ್ಕೂ ಹೆಚ್ಚು. ಎಳೆದ ಹತ್ತಿಪ್ಪತ್ತು ಸೆಕೆಂಡಿನೊಳಗೆ ನಿಕೋಟಿನ್ ಮಿದುಳನ್ನು ಮುಟ್ಟುತ್ತದೆ. ಅಂದರೆ ಹದಿನೆಂಟು ಲಕ್ಷ ಸಲ ಅವರ ಮಿದುಳಿಗೆ "ಹಾಯ್" ಎನ್ನಿಸಿದೆ. ಸಿಟ್ಟು ಬಂದಾಗ, ಊಟವಾದಾಗ, ಲೆಕ್ಕ ತಾಳೆಯಾಗದಿದ್ದಾಗ, ತಾಳೆಯಾದಾಗ. ದೇವರ ನಾಮವನ್ನಾದರೂ ಯಾರು ಇಷ್ಟು ಸಲ ಜಪಿಸಿದ್ದಾರೆ ಹೇಳಿ! ಇಂಥದ್ದನ್ನು ಕಿತ್ತುಹಾಕಲು ಒಂದು ಹೊತ್ತಿನ ನಿರ್ಧಾರ ಸಾಕೆನ್ನುವುದು ಯಾವ ನ್ಯಾಯ?

ದೇಹದ ವಿಷಯ ಗೊತ್ತಿದ್ದವರು ಇದನ್ನು ಬಹಳ ಹಿಂದೆಯೇ ಹೇಳಿದ್ದಾರೆ. ರಕ್ತದಲ್ಲಿರುವ ನಿಕೋಟಿನ್ ಸುಮಾರು ಎರಡು ಗಂಟೆಗೆ ಅರ್ಧಕ್ಕೆ ಇಳಿಯುತ್ತದೆ. ಇಳಿದಂತೆಲ್ಲ ಮಿದುಳು ಕೇಳಲು ಶುರುಮಾಡುತ್ತದೆ. ವರ್ಷಗಟ್ಟಲೆ ಸೇದಿದವರ ಮಿದುಳಿನಲ್ಲಿ ನಿಕೋಟಿನ್ ಬಂದು ಕೂರುವ ತಾಣಗಳೇ ಹೆಚ್ಚಾಗಿರುತ್ತವೆ. ಬಿಟ್ಟಾಗ ಅವೆಲ್ಲ ಒಟ್ಟಿಗೆ ಬಾಯಿ ತೆರೆಯುತ್ತವೆ. ನಿದ್ದೆ ಬಾರದು, ಸಿಡುಕು, ಕೈಕೆಲಸದಲ್ಲಿ ಮನಸ್ಸು ನಿಲ್ಲದು, ಹಸಿವು ಹೆಚ್ಚು. ಮೊದಲ ವಾರ ತೀರ ಕಷ್ಟ, ಎರಡರಿಂದ ನಾಲ್ಕು ವಾರಕ್ಕೆ ತಗ್ಗುತ್ತ ಬರುತ್ತದೆ. ಅಮೆರಿಕದ ಸರ್ಕಾರದ ಆರೋಗ್ಯ ವರದಿ 1988ರಲ್ಲೇ ನಿಕೋಟಿನ್ ಚಟವನ್ನು ಹೆರಾಯಿನ್, ಕೊಕೇನ್ ಚಟಗಳ ಸಾಲಿನಲ್ಲಿಟ್ಟು ಮಾತನಾಡಿತು. ಹೆರಾಯಿನ್ ಬಿಡಲಾಗದವನನ್ನು ಕಂಡರೆ ಅಯ್ಯೋ ಪಾಪ ಎನ್ನುತ್ತೇವೆ. ಬೀಡಿ ಬಿಡಲಾಗದವನಿಗೆ ಮಾತ್ರ ಗಂಡಸುತನದ ಪಾಠ.

ಮನಸ್ಸಿನ ಮಾತು ಬಂತಲ್ಲ, ಮನಸ್ಸಿನ ಒಳಗನ್ನೇ ಬಗೆದು ನೋಡಿ ಲೋಕಕ್ಕೆಲ್ಲ ಹೇಳಿದ ಸಿಗ್ಮಂಡ್ ಫ್ರಾಯ್ಡ್ ದಿನಕ್ಕೆ ಇಪ್ಪತ್ತರಷ್ಟು ಚುಟ್ಟಾ ಸೇದುತ್ತಿದ್ದರು. 1923ರಲ್ಲಿ ಬಾಯಲ್ಲಿ ಕ್ಯಾನ್ಸರ್ ಕಂಡಿತು. ಮುಂದಿನ ಹದಿನಾರು ವರ್ಷದಲ್ಲಿ ದವಡೆಗೆ ಮೂವತ್ತಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಯಾದವು, ಕೃತಕ ದವಡೆ ಇಟ್ಟುಕೊಂಡು ಬದುಕಿದರು, 1939ರಲ್ಲಿ ತೀರಿಕೊಂಡರು. ಚುಟ್ಟಾ ಬಿಡಲು ಆಗಲಿಲ್ಲ. ಫ್ರಾಯ್ಡರ ಮನಸ್ಸು ಗಟ್ಟಿಯಿರಲಿಲ್ಲ ಎಂದು ನಮ್ಮ ಮಂಡಿಪೇಟೆಯ ಪಂಡಿತರು ತೀರ್ಪು ಕೊಡುವುದಾದರೆ ಕೊಡಲಿ. ನಾನು ಕೇಳಿಸಿಕೊಳ್ಳುತ್ತೇನೆ.

ಇನ್ನು ನಮ್ಮ ಅತ್ತೆಯ ವಿಷಯ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಚಟದ ಮಾತೆಂದರೆ ಗಂಡಸರ ಮಾತು ಎಂದುಕೊಂಡವರೇ ಹೆಚ್ಚು. ಅತ್ತೆಗೆ ಹೊಗೆಸೊಪ್ಪು ಹಾಕಲು ಕಲಿಸಿದ್ದು ಅವರ ಅತ್ತೆ. ಮೊದಲ ಬಸುರಿನಲ್ಲಿ ಹಲ್ಲುನೋವು ಬಂತಂತೆ, ದವಡೆಗೆ ಒಂದು ಚೂರು ಇಟ್ಟುಕೋ ಎಂದರಂತೆ. ಹಲ್ಲುನೋವು ಹೋಯಿತು, ಸೊಪ್ಪು ಉಳಿಯಿತು. ಅವರ ಸೊಂಟದಲ್ಲಿ ಎಲೆಅಡಿಕೆ ಸಂಚಿ ಇಲ್ಲದ ದಿನವನ್ನು ನಾನು ಕಂಡಿಲ್ಲ. ಒಂದು ಅರೆಯಲ್ಲಿ ಎಲೆ, ಒಂದರಲ್ಲಿ ಅಡಿಕೆ, ಸುಣ್ಣದ ಡಬ್ಬಿ, ಒಳಗಿನ ಅರೆಯಲ್ಲಿ ಮಡಿಸಿಟ್ಟ ಸೊಪ್ಪು. ತೋಟದಲ್ಲಿ ಗರಿ ಎಳೆಯುವಾಗ, ಮಟ್ಟೆ ಸುಲಿಯುವವರಿಗೆ ಅನ್ನ ಹೊತ್ತುಕೊಂಡು ಹೋಗುವಾಗ, ಕೊಬ್ಬರಿ ಆರಿಸುವಾಗ ದವಡೆಯ ಮೂಲೆಯಲ್ಲಿ ಅದು ಇರಲೇಬೇಕು. ಹಸಿವು ಕೊಲ್ಲುತ್ತದೆ ಕಣೇ, ಎನ್ನುತ್ತಿದ್ದರು. ಮನೆಮಂದಿಯದೆಲ್ಲ ಊಟವಾಗಿ ಕೊನೆಗೆ ಕೂರುವ ಹೆಂಗಸಿಗೆ ಹಸಿವು ಕೊಲ್ಲುವ ಒಂದು ಚೂರು ಸೊಪ್ಪು ಎಷ್ಟು ದೊಡ್ಡ ಉಪಕಾರ ಎಂಬುದು ಬಡಿಸಿಕೊಂಡು ಉಂಡವರಿಗೆ ಹೇಗೆ ತಿಳಿಯಬೇಕು?

2013ರಲ್ಲಿ ಎಡಗೆನ್ನೆಯ ಒಳಗೆ ಒಂದು ಹುಣ್ಣು. ಬಿಳಿಯ ಮಚ್ಚೆ ಮೊದಲೇ ಇತ್ತಂತೆ, ಸುಣ್ಣ ಸುಟ್ಟಿದೆ ಎಂದುಕೊಂಡಿದ್ದರು. ಊರಿನಲ್ಲಿ ತೋರಿಸಿದ ವೈದ್ಯರೊಬ್ಬರು ಬಾಯಿ ಸಹ ಸರಿಯಾಗಿ ತೆರೆಸಿ ನೋಡದೆ ವಿಟಮಿನ್ ಮಾತ್ರೆ ಬರೆದರು. "ಅಜ್ಜೀ, ಸೊಪ್ಪು ಬಿಟ್ಟುಬಿಡಿ, ಮನಸ್ಸು ಮಾಡಬೇಕು ಅಷ್ಟೇ" ಎಂದು ನಕ್ಕರು. ಬಿಡುವುದು ಹೇಗೆ ಎಂದು ಅತ್ತೆ ಕೇಳಿದರೆ ಅದಕ್ಕೆ ಉತ್ತರವಿಲ್ಲ, ಮುಂದಿನ ಪೇಷಂಟಿನ ಹೆಸರು ಕೂಗಿದರು. ಅತ್ತೆ ಮನಸ್ಸು ಮಾಡಿದರು. ಸಂಚಿಯನ್ನು ದೇವರ ಗೂಡಿನಲ್ಲಿಟ್ಟು ಬಾಗಿಲು ಹಾಕಿದರು. ಎರಡು ದಿನ ಯಾರೊಂದಿಗೂ ಮಾತಿಲ್ಲ, ಮೂರನೆಯ ದಿನ ಕೈ ನಡುಗಿತು, ಆ ರಾತ್ರಿ ದೇವರ ಗೂಡಿನ ಮುಂದೆ ಕತ್ತಲಲ್ಲಿ ಕೂತು ಅಳುತ್ತಿದ್ದವರನ್ನು ನಾನೇ ಎಬ್ಬಿಸಿಕೊಂಡು ಬಂದೆ. "ಇಷ್ಟು ವರ್ಷ ಎಷ್ಟೆಲ್ಲ ಬುಟ್ಟಿದೀನಿ ಕಣವ್ವ, ಇದೊಂದ ಬುಡಕಾಗ್ತಾ ಇಲ್ವಲ್ಲ" ಎಂದರು. ಆ ಮಾತು ನನ್ನ ಎದೆಯಲ್ಲಿ ಇನ್ನೂ ಇದೆ. ನಿಜವೇ. ಓದು ಬಿಟ್ಟವರು, ತವರಿನ ಪಾಲು ಬಿಟ್ಟವರು, ಮಾವನವರು ಹೋದ ಮೇಲೆ ಹೂವು ಕುಂಕುಮ ಬಿಟ್ಟವರು, ಮಕ್ಕಳಿಗಾಗಿ ಎಷ್ಟೋ ಹೊತ್ತಿನ ಊಟ ಬಿಟ್ಟವರು. ಅದಕ್ಕೆಲ್ಲ ಯಾರೂ ಮನೋಬಲ ಎಂದು ಹೆಸರಿಡಲಿಲ್ಲ. ಇಂಥ ಹೆಂಗಸಿಗೆ ಮನಸ್ಸು ಗಟ್ಟಿಯಿಲ್ಲ ಎಂದರೆ ಆ ಮಾತು ಆಡಿದ ನಾಲಿಗೆಯನ್ನೇ ಪರೀಕ್ಷೆ ಮಾಡಿಸಬೇಕು.

ಬೆಂಗಳೂರಿನ ಕಿದ್ವಾಯಿಗೆ ಹೋದಾಗ ಹೊತ್ತು ಮೀರಿತ್ತು. 2014ರ ಕಾರ್ತೀಕ ಮಾಸದಲ್ಲಿ ಹೋದರು. ಅಲ್ಲಿನ ಕಾಯುವ ಜಾಗದಲ್ಲಿ ಕೂತಾಗ ನಾನು ಕಂಡ ಹೆಂಗಸರ ಮುಖಗಳು ನನಗೆ ಮರೆಯುವುದಿಲ್ಲ. ಸೆರಗನ್ನು ಕೆನ್ನೆಗೆ ಒತ್ತಿಕೊಂಡು ಕೂತವರು, ಬಹಳ ಮಂದಿ ಹಳ್ಳಿಯವರು, ಒಬ್ಬರೂ ಜೀವಮಾನದಲ್ಲಿ ಬೀಡಿ ಮುಟ್ಟಿದವರಲ್ಲ. 2016-17ರಲ್ಲಿ ದೇಶದಾದ್ಯಂತ ನಡೆದ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ನೂರಕ್ಕೆ ಸುಮಾರು 23 ಮಂದಿ ಒಂದಲ್ಲ ಒಂದು ರೂಪದಲ್ಲಿ ತಂಬಾಕು ಬಳಸುತ್ತಾರೆ. ಹೆಂಗಸರಲ್ಲೇ ನೂರಕ್ಕೆ 10. ಸೇದುವವರಿಗಿಂತ ಅಗಿಯುವವರು ಹೆಚ್ಚು. ಹತ್ತು ಹೆಂಗಸರು ಅರಿಸಿನ ಕುಂಕುಮಕ್ಕೆ ಬಂದರೆ ಅದರಲ್ಲಿ ಒಬ್ಬಾಕೆ ಎಂದಾಯಿತು. ಆದರೂ ಸಿನಿಮಾ ಮಂದಿರದಲ್ಲಿ ಎಚ್ಚರಿಕೆ ಬಂದಾಗ ನಾವೆಲ್ಲ ತಿರುಗಿ ನೋಡುವುದು ಗಂಡಸರ ಸಾಲನ್ನೇ.

ಅದು ನಮ್ಮ ಸಂಪ್ರದಾಯ ಎನ್ನುವವರೂ ಇದ್ದಾರೆ. ಯಾವ ಸಂಪ್ರದಾಯ? ಹೊಗೆಸೊಪ್ಪು ಈ ದೇಶಕ್ಕೆ ಬಂದದ್ದು ಪೋರ್ಚುಗೀಸರ ಹಡಗಿನಲ್ಲಿ, ನಾನೂರು ವರ್ಷದ ಹಿಂದೆ. ಜಹಾಂಗೀರ್ ಬಾದಷಹ 1617ರಲ್ಲೇ ಇದು ಬೇಡವೆಂದು ಅಪ್ಪಣೆ ಹೊರಡಿಸಿದ್ದ. ಯಾರೂ ಕೇಳಲಿಲ್ಲ, ಅದು ಬೇರೆ ಮಾತು. ಮುತ್ತೈದೆಗೆ ಕೊಡುವ ತಾಂಬೂಲದಲ್ಲಿ ಎಲೆ ಇದೆ, ಅಡಿಕೆ ಇದೆ, ನಮ್ಮ ತೋಟದ ಕಾಯಿ ಇದೆ. ಹೊಗೆಸೊಪ್ಪು ಇಟ್ಟು ತಾಂಬೂಲ ಕೊಟ್ಟವರನ್ನು ನೀವು ಕಂಡಿದ್ದೀರಾ? ಅದು ಆಮೇಲೆ ಸಂಚಿಯೊಳಗೆ ನುಸುಳಿಕೊಂಡ ನೆಂಟ. ಹಾಗೆ ನೋಡಿದರೆ ಅಡಿಕೆಯ ವಿಷಯವೂ ಸಲೀಸಲ್ಲ. ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿತು. ತೆಂಗಿನ ಸಾಲಿನ ನಡುವೆ ಅಡಿಕೆ ಹಾಕಿಕೊಂಡಿರುವ ನಾವು ಆ ಮಾತನ್ನು ಕಿವಿಗೆ ಹಾಕಿಕೊಳ್ಳಲು ಹಿಂಜರಿಯುತ್ತೇವೆ. ನನ್ನ ತವರಿನಲ್ಲೂ ಅರ್ಧ ಎಕರೆ ಅಡಿಕೆಯಿದೆ. ಇರಲಿ, ಅದನ್ನು ಬರೆದರೆ ಅಣ್ಣಂದಿರು ಹಬ್ಬಕ್ಕೆ ಕರೆಯುವುದಿಲ್ಲ.

ಅತ್ತೆಯನ್ನು ಕಿದ್ವಾಯಿಗೆ ಕರೆದುಕೊಂಡು ಹೋಗುತ್ತಿದ್ದವರು ನಮ್ಮನೆಯವರೇ. ಒಳಗೆ ತಾಯಿಯ ಕೈ ಹಿಡಿದು ಕೂತು, ಹೊರಗೆ ಬಂದು ರಸ್ತೆಯ ಆಚೆ ನಿಂತು ಸಿಗರೇಟು ಹಚ್ಚುತ್ತಿದ್ದರು. ಕೈ ನಡುಗುತ್ತಿತ್ತು, ಕಣ್ಣಲ್ಲಿ ನೀರಿರುತ್ತಿತ್ತು. "ತಾಯಿ ಹೋದರೂ ಬುದ್ಧಿ ಬರಲಿಲ್ಲ" ಎಂದು ನೆಂಟರು ಆಡಿಕೊಂಡರು. ಬುದ್ಧಿ ಬಂದಿತ್ತು, ಪ್ರೀತಿಯೂ ಇತ್ತು, ಭಯವಂತೂ ಬೇಕಾದಷ್ಟಿತ್ತು. ಇಷ್ಟೂ ಇದ್ದು ಇನ್ನೂ ಐದು ವರ್ಷ ಬಿಡಲಾಗಲಿಲ್ಲ. ಎಡೆಯೂರು ಸಿದ್ಧಲಿಂಗೇಶ್ವರನ ಮುಂದೆ ಮಾಡಿದ ಆಣೆ ಹನ್ನೊಂದು ದಿನ ನಡೆಯಿತು. ಯುಗಾದಿಯ ಸಂಕಲ್ಪ ಯುಗಾದಿಯ ವರ್ಷತೊಡಕಿನ ತನಕ. ಸೋತಾಗಲೆಲ್ಲ ಅವರು ಸಿಗರೇಟಿಗಿಂತ ಹೆಚ್ಚಾಗಿ ತಮ್ಮನ್ನೇ ದ್ವೇಷಿಸಿಕೊಂಡರು. ಮನಸ್ಸು ಗಟ್ಟಿ ಎನ್ನುವ ಮಾತು ಮಾಡುವ ಕೆಲಸ ಇದೇ. ಇನ್ನೊಂದು ಸಲ ಪ್ರಯತ್ನಿಸುವ ಧೈರ್ಯವನ್ನೇ ಅದು ತಿಂದುಹಾಕುತ್ತದೆ.

ನನ್ನ ಮೇಲೂ ಬಂತೆನ್ನಿ. "ಹೆಂಡತಿ ಸರಿಯಾಗಿದ್ದಿದ್ದರೆ ಬಿಡಿಸುತ್ತಿದ್ದಳು" ಎಂದರು ಒಬ್ಬರು. ಅವನಿಗೆ ಮನಸ್ಸಿಲ್ಲ, ಇವಳಿಗೆ ಕೈಲಾಗದು. ಅಂಗಡಿಯವನಿಗೆ ಮಾತ್ರ ಯಾವ ಮಾತೂ ಇಲ್ಲ!

ಕೊನೆಗೆ ಬಿಟ್ಟದ್ದು ಹೇಗೆ ಎನ್ನುವಿರಾ? 2019ರ ಜೂನಿನಲ್ಲಿ ಮಗಳು ಸಿಗರೇಟು ಪೊಟ್ಟಣದ ಮೇಲೆ ಅಚ್ಚಾಗಿದ್ದ 1800-11-2356 ಎಂಬ ನಂಬರಿಗೆ ಫೋನು ಮಾಡಿ ಅಪ್ಪನ ಕೈಗೆ ಕೊಟ್ಟಳು. ದುಡ್ಡು ಬೀಳದ ನಂಬರು. ಆ ಕಡೆಯಿಂದ ಒಬ್ಬ ಹೆಣ್ಣುಮಗಳು ಕನ್ನಡದಲ್ಲೇ ಮಾತನಾಡಿದಳು. ಏಕೆ ಬಿಟ್ಟಿಲ್ಲ ಎಂದು ಕೇಳಲಿಲ್ಲ. ಬೆಳಿಗ್ಗೆ ಎದ್ದು ಎಷ್ಟು ಹೊತ್ತಿಗೆ ಮೊದಲನೆಯದು, ಯಾವ ಯಾವ ಹೊತ್ತಿನಲ್ಲಿ, ಯಾರ ಜೊತೆ, ಹಿಂದೆ ಎಷ್ಟು ದಿನ ಬಿಟ್ಟಿದ್ದಿರಿ ಎಂದು ಕೇಳಿದಳು. ಹನ್ನೊಂದು ದಿನ ಎಂದಾಗ "ಒಳ್ಳೆಯದಾಯಿತು ಸರ್, ಹನ್ನೊಂದು ದಿನ ನಿಮಗೆ ಸಾಧ್ಯವಾಗಿದೆಯಲ್ಲ" ಎಂದಳಂತೆ. ಮೂವತ್ತನಾಲ್ಕು ವರ್ಷದಲ್ಲಿ ಈ ವಿಷಯಕ್ಕೆ ಅವರನ್ನು ಹೊಗಳಿದವಳು ಅವಳೊಬ್ಬಳೇ. ಒಂದು ದಿನಾಂಕ ಗೊತ್ತುಮಾಡಿದರು. ವೈದ್ಯರನ್ನು ಕಂಡು ನಿಕೋಟಿನ್ ಗಮ್ ಶುರುವಾಯಿತು. ಹೊಗೆಯ ವಿಷವಿಲ್ಲದೆ ಮಿದುಳಿಗೆ ಸ್ವಲ್ಪ ಸ್ವಲ್ಪ ನಿಕೋಟಿನ್ ಕೊಟ್ಟು, ವಾರ ಕಳೆದಂತೆ ಕಡಿಮೆ ಮಾಡುತ್ತ ಬರುವ ಉಪಾಯ. ಇದನ್ನು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಅತ್ಯಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದೆ. ಚಾಕಲೇಟಿನಂತೆ ಜಗಿದುಬಿಡುವ ಹಾಗಿಲ್ಲ. ಎರಡು ಸಲ ಅಗಿದು, ಖಾರ ಬಂದ ಕೂಡಲೇ ಕೆನ್ನೆಯ ಬದಿಗಿಟ್ಟುಕೊಳ್ಳಬೇಕು. ಅದನ್ನು ಯಾರೂ ಹೇಳಿಕೊಡದಿದ್ದರೆ ಮೊದಲ ದಿನವೇ ಬಿಕ್ಕಳಿಕೆ ಬಂದು ಉಗಿದುಬಿಡುತ್ತಾರೆ.

ಮಂಡಿಗೆ ಹೋಗುವ ದಾರಿ ಬದಲಾಯಿತು, ಎರಡು ಬೀದಿ ಸುತ್ತು. ಪರಿಚಯದ ಅಂಗಡಿಯವನಿಗೆ ಅವರೇ ಹೋಗಿ "ನಾನು ಕೇಳಿದರೂ ಕೊಡಬೇಡಪ್ಪ" ಎಂದು ಹೇಳಿಬಂದರು. ಕಾಫಿಯ ಜೊತೆಗೇ ಸಿಗರೇಟಿನ ನಂಟು, ಹಾಗಾಗಿ ಎರಡು ತಿಂಗಳು ಬೆಳಗಿನ ಕಾಫಿಯ ಬದಲು ರಾಗಿ ಗಂಜಿ. ಆಸೆ ಉಕ್ಕಿ ಬಂದರೆ ಕೆಲವು ನಿಮಿಷ ತಡೆದುಕೊಂಡರೆ ತಗ್ಗುತ್ತದೆ ಎಂದು ಫೋನಿನ ಹುಡುಗಿ ಹೇಳಿದ್ದಳು. ಆ ನಿಮಿಷಗಳಿಗೆಂದು ನಾನು ಜೇಬಿಗೆ ಕೊಬ್ಬರಿ ಚೂರು, ಒಂದಿಷ್ಟು ಬೆಲ್ಲ, ಲವಂಗ ಹಾಕಿ ಕಳಿಸುತ್ತಿದ್ದೆ. ಗಟ್ಟಿ ಕೊಬ್ಬರಿ ಅಗಿಯಲು ಹೊತ್ತು ಹಿಡಿಯುತ್ತದೆ. ನಮ್ಮೂರಿನ ಕೊಬ್ಬರಿ ಇಂಥದ್ದಕ್ಕೂ ಆಯಿತು ನೋಡಿ. ಮೊದಲ ಮೂರು ವಾರ ಮನೆಯಲ್ಲಿ ನಡೆದದ್ದನ್ನು ನೆನೆದರೆ ಈಗ ನಗು ಬರುತ್ತದೆ, ಆಗ ಬರಲಿಲ್ಲ. ಸಾರಿಗೆ ಉಪ್ಪಿಲ್ಲ, ಫ್ಯಾನು ಸದ್ದು ಮಾಡುತ್ತದೆ, ಮಗಳು ಜೋರಾಗಿ ಬಾಗಿಲು ಹಾಕಿದಳು ಎಂದು ದಿನಕ್ಕೊಂದು ರಂಪ. ರಾತ್ರಿ ಎರಡು ಗಂಟೆಗೆ ಎದ್ದು ಅಂಗಳದಲ್ಲಿ ಓಡಾಡುತ್ತಿದ್ದರು, ಜೊತೆಗೆ ನಾನೂ. ಎರಡನೆಯ ತಿಂಗಳು ಮಂಡಿಯಲ್ಲಿ ಯಾರದೋ ಜಗಳದ ದಿನ ಒಂದು ಸೇದಿ ಬಂದರು. ಫೋನಿನ ಹುಡುಗಿ "ಒಂದು ಸೇದಿದ್ದು ಒಂದೇ ಸರ್, ಲೆಕ್ಕ ಮೊದಲಿನಿಂದ ಶುರುಮಾಡಬೇಡಿ" ಎಂದಳು. ಅದೇ ಕೊನೆಯದಾಯಿತು.

ಆಮೇಲೆ ಏನಾಯಿತು ಗೊತ್ತೆ? ವರ್ಷ ತುಂಬಿದ ಮೇಲೆ ಸಂಘದವರೊಬ್ಬರು ಸಭೆ ಮಾಡಿ ಅವರಿಗೆ ಶಾಲು ಹೊದಿಸಿದರು. ದೃಢ ಸಂಕಲ್ಪಕ್ಕೆ ಉದಾಹರಣೆ ಎಂದು ಮೈಕಿನಲ್ಲಿ ಹೊಗಳಿದರು. ನಮ್ಮನೆಯವರು ಸಂಕೋಚದಿಂದ "ಗಮ್ಮು" ಎಂದು ಶುರುಮಾಡಿದ್ದನ್ನು ಅರ್ಧಕ್ಕೇ ತಡೆದು ಚಪ್ಪಾಳೆ ಹೊಡೆದುಬಿಟ್ಟರು. ಜನಕ್ಕೆ ಬೇಕಾದದ್ದು ವೀರನ ಕಥೆ. ಅದರಲ್ಲಿ ಗಮ್ಮಿಗೆ ಜಾಗವಿಲ್ಲ, ಫೋನಿನ ಹುಡುಗಿಗೆ ಜಾಗವಿಲ್ಲ, ಅಂಗಳದಲ್ಲಿ ಓಡಾಡಿದವಳಿಗಂತೂ ಕೇಳಲೇಬೇಡಿ. ನನಗೆ ಶಾಲು ಬೇಕಿರಲಿಲ್ಲ. ಆದರೆ ಆ ಸಭೆಯಲ್ಲಿ ಕೂತು ಹೊರಗೆ ಹೋದ ಇಪ್ಪತ್ತು ಮಂದಿ ಸೇದುವವರು "ಅವರದು ಗಟ್ಟಿ ಮನಸ್ಸು, ನಮ್ಮದಲ್ಲ" ಎಂದುಕೊಂಡೇ ಹೋದರಲ್ಲ, ಅದು ನಷ್ಟ.

ನಮ್ಮ ಮಾವನವರ ಉದಾಹರಣೆಯನ್ನು ನೆಂಟರು ತಪ್ಪದೇ ತೆಗೆಯುತ್ತಾರೆ. 1978ರಲ್ಲಿ ಒಂದು ಬೆಳಿಗ್ಗೆ ಬೀಡಿಕಟ್ಟನ್ನು ಒಲೆಗೆ ಎಸೆದವರು ಮತ್ತೆ ಮುಟ್ಟಲಿಲ್ಲವಂತೆ. ಇರಬಹುದು, ಅಂಥವರು ಇದ್ದಾರೆ, ಸಂತೋಷ. ಒಬ್ಬೊಬ್ಬರ ಈಲಿ ನಿಕೋಟಿನನ್ನು ಕರಗಿಸುವ ವೇಗವೇ ಬೇರೆ. ಬೇಗ ಕರಗಿಸುವವರಿಗೆ ಬಿಡುವುದು ಹೆಚ್ಚು ಕಷ್ಟ. ಇದು ಹುಟ್ಟಿನಿಂದ ಬಂದದ್ದು, ಶೀಲಕ್ಕೆ ಸಂಬಂಧಪಟ್ಟದ್ದಲ್ಲ. ಯಾವ ನೆರವೂ ಇಲ್ಲದೆ ಒಂದು ಸಲ ಬಿಟ್ಟವರಲ್ಲಿ ವರ್ಷದ ಕೊನೆಗೆ ಉಳಿಯುವವರು ನೂರಕ್ಕೆ ಮೂರರಿಂದ ಐದು ಮಂದಿ ಎಂದು ಅಧ್ಯಯನ ಮಾಡಿದವರು ಹೇಳುತ್ತಾರೆ. ಆ ಐದು ಮಂದಿಯ ಕಥೆ ಊರೆಲ್ಲ ಹಬ್ಬುತ್ತದೆ. ಉಳಿದ ತೊಂಬತ್ತೈದು ಮಂದಿ ಬಾಯಿಬಿಡುವುದಿಲ್ಲ.

ಹಾಗಾದರೆ ಮನಸ್ಸೇ ಬೇಡವೇ ಎಂದು ನೀವು ಕೇಳಬಹುದು. ಬೇಕು. ಬಾವಿ ತೋಡಿಸುವುದಕ್ಕೂ ಮನಸ್ಸು ಬೇಕು, ಆದರೆ ಹಾರೆ, ಹಗ್ಗ, ನಾಲ್ಕು ಆಳು ಇಲ್ಲದೆ ಮನಸ್ಸೊಂದರಿಂದ ಯಾರ ಹಿತ್ತಲಲ್ಲಿ ನೀರು ಬಂದಿದೆ? ಕುಡಿತದ ವಿಷಯದಲ್ಲಿ ಇದನ್ನು ನಾವು ಒಪ್ಪಿದ್ದೇವೆ. ಧರ್ಮಸ್ಥಳದ ಯೋಜನೆಯವರು ಊರೂರಲ್ಲಿ ಮದ್ಯವರ್ಜನ ಶಿಬಿರ ಮಾಡುವಾಗ ಕುಡುಕನನ್ನು ಒಬ್ಬನೇ ಕೂರಿಸಿ ಮನಸ್ಸು ಮಾಡು ಎನ್ನುವುದಿಲ್ಲ. ದಿನಗಟ್ಟಲೆ ಜೊತೆಯಲ್ಲಿಟ್ಟುಕೊಳ್ಳುತ್ತಾರೆ, ಹೆಂಡತಿಯನ್ನೂ ಕರೆಸುತ್ತಾರೆ, ಆಮೇಲೂ ವಿಚಾರಿಸುತ್ತಾರೆ. ವಿಯೆಟ್ನಾಂ ಯುದ್ಧಕ್ಕೆ ಹೋದ ಅಮೆರಿಕದ ಸೈನಿಕರಲ್ಲಿ ಬಹಳ ಮಂದಿ ಅಲ್ಲಿ ಹೆರಾಯಿನ್ ಚಟಕ್ಕೆ ಬಿದ್ದಿದ್ದರು. 1970ರ ದಶಕದಲ್ಲಿ ಲೀ ರಾಬಿನ್ಸ್ ಎಂಬ ಸಂಶೋಧಕಿ ಅವರನ್ನು ಊರಿಗೆ ಬಂದ ಮೇಲೆ ಹುಡುಕಿ ಮಾತನಾಡಿಸಿದಾಗ ಬಹುಪಾಲು ಮಂದಿ ಚಟದಿಂದ ಹೊರಗೆ ಬಂದಿದ್ದರು. ಅದೇ ಮನುಷ್ಯರು, ಅದೇ ಮನಸ್ಸು. ಬದಲಾದದ್ದು ಜಾಗ, ಜೊತೆ, ಕೈಗೆ ಸಿಗುವ ಸುಲಭ. ನಮ್ಮ ಮಂಡಿಪೇಟೆಯಲ್ಲಿ ಕೂಗಳತೆಗೆ ಒಂದೊಂದು ಡಬ್ಬಾ ಅಂಗಡಿ. 2023ರಲ್ಲಿ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇದ್ದು ಮಾರುಕಟ್ಟೆ ಅದಕ್ಕಿಂತ ಬಹಳ ಕೆಳಗೆ ಬಿದ್ದಾಗ, ಮಾಲು ಹಾಕಿಕೊಂಡು ದಿನವಿಡೀ ಕಾದ ರೈತರ ಕೈಯಲ್ಲಿ ಏನಿತ್ತು ಎಂದು ನೋಡಿದವಳು ನಾನು. ಅವರ ಮುಂದೆ ಹೋಗಿ ಇಚ್ಛಾಶಕ್ತಿಯ ಬಗ್ಗೆ ಭಾಷಣ ಮಾಡುವ ಧೈರ್ಯ ಯಾರಿಗಿದೆ?

ಮನಸ್ಸಿನ ಮಾತಿನಿಂದ ಲಾಭ ಯಾರಿಗೆ ಎಂದು ಯೋಚಿಸಿ. ಬಿಡುವುದು ಬಿಡದಿರುವುದು ಅವರವರ ಮನಸ್ಸು ಎಂದಾದರೆ ಮಾರುವವನ ಮೇಲೆ ಯಾವ ಹೊಣೆಯೂ ಇಲ್ಲ. 1994ರ ಏಪ್ರಿಲ್‌ನಲ್ಲಿ ಅಮೆರಿಕದ ಏಳು ದೊಡ್ಡ ತಂಬಾಕು ಕಂಪನಿಗಳ ಮುಖ್ಯಸ್ಥರು ಅಲ್ಲಿನ ಸಂಸತ್ತಿನ ಸಮಿತಿಯ ಮುಂದೆ ಪ್ರಮಾಣ ಮಾಡಿ, ನಿಕೋಟಿನ್ ಚಟ ಹಿಡಿಸುವುದಿಲ್ಲವೆಂದು ತಾವು ನಂಬುವುದಾಗಿ ಒಬ್ಬರಾದ ಮೇಲೊಬ್ಬರು ಹೇಳಿದರು. ಅದೇ ಕಂಪನಿಗಳಲ್ಲೊಂದರ ವಕೀಲ 1963ರಷ್ಟು ಹಿಂದೆಯೇ, ನಾವು ಮಾರುತ್ತಿರುವುದು ಚಟ ಹಿಡಿಸುವ ನಿಕೋಟಿನ್ ಎಂದು ಒಳಗಿನ ಪತ್ರದಲ್ಲಿ ಬರೆದಿಟ್ಟಿದ್ದ. ನಮ್ಮಲ್ಲಿ ಏನು ಕಡಿಮೆ? 2013ರ ಮೇ ಕೊನೆಯಲ್ಲಿ ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾಯಿತು. ಕೆಲವೇ ದಿನದಲ್ಲಿ ಪಾನ್ ಮಸಾಲೆಯ ಪೊಟ್ಟಣ ಒಂದು, ತಂಬಾಕಿನ ಪೊಟ್ಟಣ ಒಂದು, ಎರಡನ್ನೂ ಅಕ್ಕಪಕ್ಕ ನೇತುಹಾಕಿದರು. ಬೆರೆಸಿಕೊಳ್ಳುವ ಶ್ರಮ ಮಾತ್ರ ಗಿರಾಕಿಯದು. ಪೊಟ್ಟಣ ಒಡೆದು ಬಿಡಿಬಿಡಿಯಾಗಿ ಮಾರಬಾರದೆಂದು ರಾಜ್ಯ ಸರ್ಕಾರ 2017ರಲ್ಲಿ ಹೇಳಿತು. ತಂಬಾಕು ಕೊಳ್ಳುವ ವಯಸ್ಸನ್ನು 18ರಿಂದ 21ಕ್ಕೆ ಏರಿಸಿದ ಹೊಸ ತಿದ್ದುಪಡಿ 2025ರಲ್ಲಿ ಬಂದಿದೆ. ಕಾನೂನಿನ ಪುಸ್ತಕ ದಪ್ಪವಾಗುತ್ತಿದೆ. ನಮ್ಮ ಬೀದಿಯ ಅಂಗಡಿಯಲ್ಲಿ ಕಾಲೇಜು ಹುಡುಗರು ಇಂದಿಗೂ ಒಂದೊಂದೇ ಕೊಂಡು, ಹಗ್ಗದ ತುದಿಯ ಕಿಡಿಯಲ್ಲಿ ಹಚ್ಚಿಕೊಂಡು ಹೋಗುತ್ತಾರೆ. ನಾಳೆ ಇವರಿಗೂ ನಾವು ಮನಸ್ಸು ಗಟ್ಟಿ ಮಾಡಿ ಎನ್ನುತ್ತೇವೆ.

ಹೋದ ತಿಂಗಳು ತುರುವೇಕೆರೆಯಿಂದ ನಾದಿನಿ ಬಂದಿದ್ದಳು. ತಾಯಿಯ ಸಂಚಿ ಈಗ ಅವಳ ಸೊಂಟದಲ್ಲಿದೆ, ಸೊಪ್ಪಿನ ಸಮೇತ. ಕಡ್ಡಿಪುಡಿಯೂ ಸೇರಿಕೊಂಡಿದೆ. "ಅತ್ತಿಗೆ, ನನ್ ಕೈಲಿ ಆಗಲ್ಲ ಬುಡಿ, ನನಗೆ ಅಣ್ಣನ ಹಂಗೆ ಗಟ್ಟಿ ಮನಸಿಲ್ಲ" ಎಂದಳು. ಕನ್ನಡಿಯ ಮುಂದೆ ನಿಲ್ಲಿಸಿ ಬಾಯಿ ತೆರೆಸಿದೆ. ಕೆನ್ನೆಯ ಒಳಗೆ ಕೆಳಗಡೆ ಕಡಲೆಕಾಳಿನಷ್ಟು ಬಿಳಿ. ಅವಳು ಅದನ್ನು ನೋಡಿಕೊಂಡಿರಲೇ ಇಲ್ಲ. ಆ ಮಧ್ಯಾಹ್ನವೇ ಆ ನಂಬರಿಗೆ ಫೋನು ಮಾಡಿಸಿದೆ, ಅಗಿಯುವವರಿಗೂ ಅದು ಇದೆ. ಸೋಮವಾರ ದಂತವೈದ್ಯರಲ್ಲಿ ಚೀಟಿ ಬರೆಸಿದ್ದೇನೆ, ಬಿಳಿ ಮಚ್ಚೆಯ ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕಾಗಬಹುದು ಎಂದಿದ್ದಾರೆ. ಅವಳು ತುರುವೇಕೆರೆಯಿಂದ ಒಂಬತ್ತರ ಬಸ್ಸಿಗೆ ಬರುತ್ತಾಳೆ. ಸ್ಟ್ಯಾಂಡಿಗೆ ನಾನೇ ಹೋಗುತ್ತೇನೆ. ಸ್ಟ್ಯಾಂಡಿನ ಪಕ್ಕದಲ್ಲೇ ನಾಲ್ಕು ಅಂಗಡಿಗಳಿವೆ.